ಬಟ್ಟಲಿನ ತಳದ ದೋಣಿ

ನಮ್ಮ ಡೆಲ್ಫ್ಟ್ ಊರಿನಲ್ಲಿ ಪಿಂಗಾಣಿಗೆ ನೀಲಿ ಚಿತ್ರ ಬರೆಯುತ್ತಿದ್ದ ಗೋವರ್ಟಣ್ಣ ಊರ ಕಾಲುವೆ ದಾಟಿದವನಲ್ಲ, ಆದರೂ ಕುಂಚ ಹಿಡಿದು ದಿನವಿಡೀ ಚೀನಾದಲ್ಲೇ ಇರುತ್ತಿದ್ದ. ಅವನ ಚೀನಾದಲ್ಲಿ ದೊರೆಗಳು ನಮ್ಮಂತೆಯೇ ಮರದ ಮೆಟ್ಟು ಹಾಕುತ್ತಿದ್ದರು, ಬೆಂಕಿಯುಗುಳುವ ಘಟಸರ್ಪಕ್ಕೆ ನಮ್ಮ ಕೊಟ್ಟಿಗೆಯ ಹಸುವಿನ ಕಣ್ಣಿರುತ್ತಿತ್ತು. ಮೆರುಗು ಬಳಿಯುವ ಹೆಂಗಸರು ನಾವು, "ಅಲ್ಲಿ ಗಾಳಿಗಿರಣಿ ಎಲ್ಲಿಂದ ಬಂತಣ್ಣೋ?" ಎಂದು ರೇಗಿಸಿದರೆ, "ಹಸಿ ಮೆರುಗು ನೀಲಿ ಕುಡಿದ್ಬಿಟ್ಟಿದೆ ಕಣವ್ವ, ಇನ್ನು ಅಳಿಸಕ್ಕಾಗಲ್ಲ. ನೀನೇ ಚೀನಾಕ್ಕೆ ಹೋಗಿ ಒಂದು ಕಟ್ಟಿಸಿ ಬಾ!" ಎನ್ನುತ್ತಿದ್ದ. ನನ್ನ ಗಂಡ ಟ್ಯೂನಿಸ್ ಕಡಲುಪಾಲಾದಾಗ, ಹಸುಗೂಸು ಮಗಳಿಗೆ ಮುಂದೆ ತೋರಿಸಲು ಅವನದೊಂದು ಚಿತ್ರವೂ ಇಲ್ಲವೆಂದು ಅತ್ತಿದ್ದೆ. ಗೋವರ್ಟಣ್ಣ ಒಂದು ಬಟ್ಟಲು ತಂದುಕೊಟ್ಟ. ಅದರ ತಳದ ಚೀನಾ ದೋಣಿಯಲ್ಲಿ ಎಂದಿನಂತೆ ಎಡಭುಜ ಇಳಿಬಿಟ್ಟು, ಪೈಪು ಕಚ್ಚಿಕೊಂಡು ಟ್ಯೂನಿಸನೇ ಕೂತಿದ್ದ, ದಡದ ಕಡೆಗೆ ಮುಖಮಾಡಿ. ಆ ಪುಣ್ಯಾತ್ಮ ಗೋವರ್ಟಣ್ಣನ ಹೊಟ್ಟೆ ತಣ್ಣಗಿರಲಿ. ಮಗಳು ಆ ಬಟ್ಟಲಲ್ಲಿ ಗಂಜಿ ಕುಡಿದು ಮುಗಿಸಿದಾಗಲೆಲ್ಲ ಅವಳಪ್ಪ ಮನೆಗೆ ಬರುತ್ತಿದ್ದ.