ತೊಳೆದಿಟ್ಟ ಹೆಂಚು

ನಮ್ಮತ್ತೆಯನ್ನು ಗೋವಿನಕೋವಿಯಿಂದ ಚನ್ನಗಿರಿಗೆ ಕರೆತಂದದ್ದು ಆಸ್ಪತ್ರೆಗೆಂದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಗಂಡ ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತ. ಡಾಕ್ಟರು ಇವರನ್ನು ಹೊರಗೆ ಕರೆದು, "ಪಥ್ಯ ಏನೂ ಬೇಡ, ಕೇಳಿದ್ದು ಕೊಡಿ" ಎಂದರಂತೆ. ಅದರ ಅರ್ಥ ನಮಗಿಬ್ಬರಿಗೂ ಆಯಿತು.

ಅತ್ತೆ ಕೇಳಿದ್ದು ಒಂದೇ. "ದನದ ಬಾಡು ತರ್ಸವ್ವ. ಅಂಗೈ ಅಗಲದ್ದು ಎರಡು ತುಂಡು ಹೆಂಚಿನ ಮ್ಯಾಲೆ ಸುಟ್ಕೊಡು. ಹಲ್ಲಿಲ್ಲ ಅಂತ ಚಿಂತಿ ಮಾಡಬ್ಯಾಡ, ವಸಡು ಐತೆ."

ಆ ಅಡುಗೆ ನನಗೆ ಕಲಿಸಿದ್ದೇ ಅವರು. ಬೆರಳು ದಪ್ಪದ ತುಂಡನ್ನು ಗುಂಡುಕಲ್ಲಿನಿಂದ ಜಜ್ಜಿ ಉಪ್ಪು, ಅರಿಶಿನ ಸವರಬೇಕು. ಕಬ್ಬಿಣದ ಹೆಂಚಿನಲ್ಲಿ ಅದರದೇ ಕೊಬ್ಬು ಕರಗಿಸಿ ತುಂಡು ಇಳಿಸಬೇಕು. "ಹೆಂಚು ತಾನಾಗಿ ಬಿಟ್ಕೊಡೋ ತನಕ ಕೈ ಹಚ್ಚಬ್ಯಾಡ" ಎನ್ನುತ್ತಿದ್ದರು. ಬೆಂದ ತುಂಡು ತೆಗೆದ ಮೇಲೆ ಅದೇ ಹೆಂಚಿಗೆ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ. ಚುಂಯ್ ಎನ್ನುವಂತೆ ಹುಣಸೆಹುಳಿ. ತಳ ಹಿಡಿದದ್ದನ್ನೆಲ್ಲ ಕೆರೆದು ಕುದಿಸಿದರೆ ಖಾರ ಸಿದ್ಧ. ಕೊನೆಗೆ ಒಂದು ರೊಟ್ಟಿಯಿಂದ ಹೆಂಚನ್ನು ಒರೆಸಿ ತಿನ್ನುವುದು ಅಡುಗೆ ಮಾಡಿದವಳ ಪಾಲು. ಅದನ್ನು ಮಕ್ಕಳಿಗೂ ಕೊಡುವಂತಿರಲಿಲ್ಲ.

ಆದರೆ ಚನ್ನಗಿರಿಯ ಮನೆ ನಮಗೆ ಸಿಕ್ಕಿದ್ದು ನಾಲ್ಕು ಕಡೆ ಇಲ್ಲವೆನ್ನಿಸಿಕೊಂಡ ಮೇಲೆ. ಇಲ್ಲಿ ಮನೆ ಮಾಲೀಕರು ಜಾತಿ ಕೇಳಲಿಲ್ಲ. "ಬಾಡು ಗೀಡು ಮಾಡಂಗಿಲ್ರಿ" ಎಂದಷ್ಟೇ ಹೇಳಿದ್ದರು. ನಾವು ತಲೆಯಾಡಿಸಿದ್ದೆವು. ಅವರಿಗೂ ನಮಗೂ ನಡುವೆ ಒಂದೇ ಗೋಡೆ.

ಭಾನುವಾರ ಇವರು ತ್ಯಾವಣಿಗೆಯ ಗೆಳೆಯರಿಂದ ಬಾಡು ತಂದರು. ಮುತ್ತುಗದ ಎಲೆಯಲ್ಲಿ ಕಟ್ಟಿ ಚೀಲದ ತಳದಲ್ಲಿಟ್ಟು, ಮೇಲೆ ಮೆಂತ್ಯದ ಸೊಪ್ಪು ಹರಡಿದ್ದರು. ನಾನು ಕಿಟಕಿ ಹಾಕಿದೆ. ವಾಸನೆಯ ಭಯಕ್ಕೆ ಕೊಬ್ಬನ್ನೆಲ್ಲ ಕೊಯ್ದು ತೆಗೆದೆ. ತುಂಡುಗಳನ್ನು ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿ, ನೀರನ್ನು ಹಿತ್ತಲ ಗುಂಡಿಗೆ ಚೆಲ್ಲಿದೆ. ಆಮೇಲೆ ಹೆಂಚಿಗೆ ಹಾಕಿ, ಪಕ್ಕದ ಒಲೆಯಲ್ಲಿ ಎರಡು ಹಿಡಿ ಮೆಣಸಿನಕಾಯಿ ಹುರಿದೆ. ಘಾಟು ಗೋಡೆ ದಾಟಿತು.

"ಏನ್ರೀ, ಓಣಿನೆಲ್ಲ ಕೆಮ್ಮುಸ್ತೀರಲ್ರೀ!" ಎಂದು ಮನೆಯೊಡತಿ ಗೋಡೆಯಾಚೆಯಿಂದ ಕೂಗಿದರು.

"ಖಾರದ ಪುಡಿ ಮಾಡಾಕೆ ಹುರೀತಿದೀನಿ ಅಕ್ಕಾರೆ."

"ಹಂಗಾರೆ ನನಗೂ ಒಂದು ಬಟ್ಟಲು ಇಡ್ರಿ. ಕೆಮ್ಮಿದ್ದಕ್ಕೆ ಕೂಲಿ!"

ನಗಲು ಹೋಗಿ ನಾನೂ ಕೆಮ್ಮಿದೆ.

ಅತ್ತೆಗೆ ತಟ್ಟೆ ಕೊಟ್ಟವಳೇ ಹಿತ್ತಲಿಗೆ ಹೋಗಿ, ಬೂದಿ ಹುಣಸೆಹಣ್ಣು ಹಾಕಿ ಹೆಂಚು ತಿಕ್ಕಿದೆ. ಒಳಗೆ ಬಂದಾಗ ಅವರು ಒಂದು ತುತ್ತನ್ನು ಬಾಯಲ್ಲಿ ಅತ್ತಿಂದಿತ್ತ ಹೊರಳಿಸುತ್ತಿದ್ದರು.

"ಖಾರ ಚಲೋ ಐತೆ ಕಣವ್ವ. ಬಾಡೆಲ್ಲೈತೆ?"

ಅವರು ರೊಟ್ಟಿ ಮುರಿದುಕೊಂಡು ಕೈ ಚಾಚಿದರು. "ಹೋಗ್ಲಿ, ಹೆಂಚು ತಾ. ಈ ಸಲ ನಾನೇ ಒರೆಸ್ಕಂತೀನಿ. ನಿನ್ ಪಾಲು ಅಂತ ಜಗಳ ತೆಗೀಬ್ಯಾಡ ಮತ್ತೆ."

"ತೊಳೆದುಬಿಟ್ಟೆ ಅತ್ತೆ."

ಅತ್ತೆ ಮುಚ್ಚಿದ ಕಿಟಕಿಯ ಕಡೆ ನೋಡಿದರು. "ತೊಳದ್ಯಾ... ಆಗ್ಲಿ ಬಿಡು. ಬಾಡಿಗಿ ಮನಿ" ಎಂದರು. ಬಯ್ದಿದ್ದರೆ ಹಗುರವಾಗುತ್ತಿತ್ತು.

ಬರುವ ಭಾನುವಾರ ಊರಿಗೇ ಹೋಗಿ ಅಂಗಳದಲ್ಲಿ ಮಾಡೋಣ ಎಂದು ಇವರು ಹೇಳಿದರು. ಅತ್ತೆ ಗುರುವಾರ ಹೋದರು.

ಮೂರನೇ ದಿನದ ಎಡೆಗೆ ಗೋವಿನಕೋವಿಯ ಅಂಗಳದಲ್ಲಿ ಮೂರು ಕಲ್ಲು ಹೂಡಿದೆ. ಕೊಬ್ಬಿನ ಚೂರನ್ನೂ ತೆಗೆಯಲಿಲ್ಲ. ಹೆಂಚು ಬಿಟ್ಟುಕೊಡುವ ತನಕ ಕೈ ಹಚ್ಚಲಿಲ್ಲ. "ಅತ್ತಿಗೆ, ವಾಸ್ನಿ ಕೆರೆ ಏರಿ ತನಕ ಬಂದೈತೆ" ಎಂದಳು ನೀರಿಗೆ ಹೋಗಿಬಂದ ನಾದಿನಿ. ಬರಲಿ ಎಂದೆ.

ಎಲೆಯ ಮೇಲೆ ಎರಡು ತುಂಡು ಬಡಿಸಿ ಖಾರ ಹುಯ್ದೆ. ಹೆಂಚನ್ನು ಒರೆಸಲಿಲ್ಲ. ಮಸಿ, ಜಿಡ್ಡು, ತಳ ಹಿಡಿದ ಖಾರ ಎಲ್ಲ ಇದ್ದ ಹಾಗೆಯೇ ತಂದು ಎಲೆಯ ಪಕ್ಕದಲ್ಲಿಟ್ಟು, ಮೇಲೊಂದು ರೊಟ್ಟಿ ಇಟ್ಟೆ. ಎಡೆಗೆ ಯಾರಾದರೂ ಹೆಂಚು ಇಡುತ್ತಾರೇನು ಎಂದು ಒಬ್ಬ ಹಿರಿಯರು ಗದರಿದರು. ಇವರು, "ಇರ್ಲಿ ಬಿಡ್ರಿ, ಅವ್ವ ಕೇಳಿದ್ಲು" ಎಂದರು.