ದೊಡ್ಡವ್ವನ ತಪ್ಪು ಲೆಕ್ಕ

ಊರಿಂದ ಅಮ್ಮ ಕಳಿಸಿದ ಹುಣಸೆಹಣ್ಣಿನ ಚೀಲವನ್ನ ಮೊನ್ನೆ ಮಧ್ಯಾಹ್ನ ಬಿಚ್ಚಿದೆ. ಕಿಕ್ಕೇರಿಯಿಂದ ಈ ಕಡೆ ಬರುವವರ ಕೈಲಿ ಪಾಂಡವಪುರಕ್ಕೆ ಕೊಟ್ಟು ಕಳಿಸಿದ್ದಳು. ಬೀಜ ಬಿಡಿಸಿರಲಿಲ್ಲ. ಹೊಸ ಹುಣಸೆಹಣ್ಣಿನಲ್ಲಿ ಹುಳಿ ಮೂಗಿಗೆ ಹೊಡೆಯೋ ಮೊದಲು ಬೆಲ್ಲದಂಥ ಒಂದು ವಾಸನೆ ಬರುತ್ತಲ್ಲ, ಅದು ಬಂದದ್ದೇ ತಡ, ನಮ್ಮೂರ ಎದುರುಮನೆ ದೊಡ್ಡವ್ವ ಬಂದು ಮುಂದೆ ಕೂತಂಗಾಯಿತು. ಎಷ್ಟೋ ವರ್ಷದಿಂದ ಅವಳನ್ನ ನಾನು ನೆನೆಸಿಕೊಂಡೇ ಇರಲಿಲ್ಲ. ನೆನೆಸಿಕೊಳ್ಳೋಕೆ ಮನಸ್ಸಿರಲಿಲ್ಲ ಅನ್ನೋದೇ ಸರಿ.

ಅವತ್ತು ನಾನು ಪೂರಾ ಸೋತು ಹೋಗಿದ್ದೆ. ನಾಲ್ಕು ವರ್ಷದ ಮಗಳನ್ನ ನರ್ಸರಿಯವರು ಮಾರ್ಚಿನಲ್ಲಿ ವಾಪಸ್ ಕಳಿಸಿದ್ದರು. ಮನೇಲಿ ಅರಳು ಹುರಿದಂಗೆ ಮಾತಾಡೋಳು, ಅಲ್ಲಿ ಮಿಸ್ಸು ಏನು ಕೇಳಿದರೂ ಬಾಯಿ ಬಿಡ್ತಿರಲಿಲ್ಲವಂತೆ. "ಬೇಸಿಗೇಲಿ ಮನೇಲೇ ಕಲಿಸಿ. ಜೂನಲ್ಲಿ ಕೇಳ್ತೀವಿ, ಉತ್ತರ ಹೇಳಿದ್ರೆ ಎಲ್‌ಕೇಜಿಗೆ ತಗೊಳ್ತೀವಿ, ಇಲ್ಲಾಂದ್ರೆ ಇನ್ನೊಂದು ವರ್ಷ ಬಿಟ್ಟು ಬನ್ನಿ," ಅಂದರು. ನಾನೂ ಟೀಚರಾಗಿದ್ದವಳೇ, ಇವಳು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದೆ. ಇದೇನು ಮಹಾ ಅಂದುಕೊಂಡೆ.

ಇನ್ನೂರು ಪುಟದ ನೋಟ್‌ಬುಕ್ಕು ತಂದು ಗೆರೆ ಹಾಕಿದೆ. ಒಂದು ವಾರ ಸೂರ್ಯ, ಒಂದು ವಾರ ನೀರು, ಆಮೇಲೆ ಕಲ್ಲಂಗಡಿ, ಆಮೇಲೆ ಮಾವು. ಬೇಸಿಗೆ ಆಟ ಅಂತ ಮೊಬೈಲಲ್ಲಿ ಹುಡುಕಿದರೆ ಬರೋದೆಲ್ಲ ಸಮುದ್ರದ ದಂಡೆ, ಕಪ್ಪೆಚಿಪ್ಪು. ಪಾಂಡವಪುರಕ್ಕೆ ಸಮುದ್ರ ಎಲ್ಲಿಂದ ತರಲಿ... ಯಜಮಾನರು ಬೆಳಗೊಳದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದ ಕಡೆಯಿಂದ ಒಂದು ಬಕೆಟ್ ಮರಳು ಕೇಳಿಕೊಂಡು ಬಂದರು. ಅದರಲ್ಲಿ ಅಕ್ಷರ ಬರಿ ಅಂದೆ, ಮರಳನ್ನ ನನ್ನ ಮಡಿಲಿಗೆ ಸುರಿದಳು. ಪೇಪರ್ ತಟ್ಟೆಯಲ್ಲಿ ಸೂರ್ಯನ್ನ ಮಾಡಿ ಇದು ಯಾವ ಬಣ್ಣ ಅಂತ ಕೇಳಿದೆ, ಸುಮ್ಮನೆ ನನ್ನ ಮುಖ ನೋಡಿದಳು. ಕಲ್ಲಂಗಡಿ ಬೀಜ ಎಣಿಸು ಅಂದರೆ ನುಂಗಿಬಿಟ್ಟಳು. ಪ್ರಶ್ನೆ ಅಂತ ಗೊತ್ತಾದರೆ ಸಾಕು, ಮನೆಯಲ್ಲೂ ಬಾಯಿಗೆ ಬೀಗ. ಮೂರನೇ ವಾರಕ್ಕೆ ಆ ನೋಟ್‌ಬುಕ್ಕು ಕಂಡರೆ ನನಗೇ ತಲೆನೋವು ಬರೋದು.

ದೊಡ್ಡವ್ವನ ಹತ್ತಿರ ನೋಟ್‌ಬುಕ್ಕು ಇರಲಿಲ್ಲ. ನಮ್ಮ ಚಿಕ್ಕಂದಿನಲ್ಲಿ ಬೇಸಿಗೆ ಬಂತು ಅಂದರೆ ಕೂಲಿಗೆ ಹೋಗೋ ತಾಯಂದಿರೆಲ್ಲ ಮಕ್ಕಳನ್ನ ಅವಳ ಜಗಲಿ ಮೇಲೆ ಬಿಟ್ಟು ಹೋಗೋರು. ಅವಳು ಕಾಲು ಚಾಚಿಕೊಂಡು ಹುಣಸೆಹಣ್ಣು ಜಜ್ಜುತ್ತ ಕೂತಿರೋಳು, ನಾವು ಏಳೆಂಟು ಜನ ಸುತ್ತ ಕೂತು ಬೀಜ ಆರಿಸೋದು. ಒಳಗಿನ ಗೋಡೆ ಮೇಲೆ ಇದ್ದಿಲಲ್ಲಿ ಎಳೆದ ಗೆರೆಗಳಿದ್ದವು, ಕಾವಿಗೆ ಕೂರಿಸಿದ ಕೋಳಿಯ ಲೆಕ್ಕ ಅದು, ದಿನಕ್ಕೊಂದು ಗೆರೆ.

ಅವಳಿಗೆ ಏನೂ ಗೊತ್ತಿಲ್ಲ ಅಂತಲೇ ನಮ್ಮ ನಂಬಿಕೆ. ಬದನೆಕಾಯಿ ಎತ್ತಿ ಹಿಡಿದು, "ಇದ್ಯಾವ ಮರದ ಮಾವಿನ್ಕಾಯ್ರಲಾ," ಅನ್ನೋಳು. ಬೀಜ ಎಣಿಸೋಕೆ ಕೂತರೆ, "ಒಂದು, ಎಲ್ಡು, ನಾಕು..." ನಾವೆಲ್ಲ ಮೇಲೆ ಬಿದ್ದು ತಿದ್ದೋದು. ನಾನು ಮಾತ್ರ ತಿದ್ದುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಅಮ್ಮನ ಸೆರಗಿನ ಹಿಂದೆ ಹೋಗೋಳು ನಾನು. ದೊಡ್ಡವ್ವ ನನ್ನನ್ನ ಒಂದು ದಿನವೂ ಏನೂ ಕೇಳಲಿಲ್ಲ. ಒಂದು ಸಲ ಮಿಕ್ಕವರೆಲ್ಲ ನೀರು ಕುಡಿಯೋಕೆ ಹೋಗಿದ್ದಾಗ ಅವಳು ಮೂರು ಬಿಟ್ಟು ನಾಲ್ಕಕ್ಕೆ ಹೋದಳು. ತಡೆಯೋಕಾಗದೆ "ಮೂರು" ಅಂದುಬಿಟ್ಟೆ. ಅವಳು ತಲೆ ಎತ್ತದೆ, "ಅಂಗಾ. ನೀನ್ ಏಳ್ದಿದ್ರೆ ಬುಟ್ಟೇಬುಡ್ತಿದ್ದೆ ಕಣವ್ವ," ಅಂದಳು. ಆಮೇಲೆ ಅವಳ ಒಂದು ತಪ್ಪನ್ನೂ ನಾನು ಬಿಡಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಬಹುದಿತ್ತು... ಆದರೆ ನಾಗಮಂಗಲದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ರಜಕ್ಕೆ ಊರಿಗೆ ಬಂದಿದ್ದೆ. ಒಂದು ವರ್ಷ ಓದಿದ್ದಕ್ಕೇ ತಲೆ ಮೇಲೆ ಕೊಂಬು ಬಂದಿತ್ತು. ಬೀದಿ ನಲ್ಲಿ ಹತ್ತಿರ ಐದಾರು ಜನ ತಾಯಂದಿರ ಎದುರು, "ಆ ದೊಡ್ಡವ್ವಂಗೆ ನೆಟ್ಟಗೆ ಹತ್ತರ ತನಕ ಎಣಿಸೋಕೂ ಬರಲ್ಲ, ಅವಳ ಹತ್ರ ಬಿಟ್ರೆ ಮಕ್ಕಳು ತಪ್ಪೇ ಕಲಿಯೋದು," ಅಂದೆ. ಓದೋ ಹುಡುಗಿ ಹೇಳಿದ ಮೇಲೆ ನಿಜವೇ ಇರಬೇಕು ಅಂದುಕೊಂಡರೋ ಏನೋ.

ಮಾರನೇ ಬೇಸಿಗೆಗೆ ಹೋದರೆ ಜಗಲಿ ಮೇಲೆ ಒಂದು ಮಗುವೂ ಇಲ್ಲ. ಕೆಲವನ್ನ ಅಜ್ಜಿ ಮನೆಗೆ ಕಳಿಸಿದ್ದರು, ಮಿಕ್ಕವು ಒಳಗೆ ಟೀವಿ ಮುಂದೆ. ದೊಡ್ಡವ್ವ ಒಬ್ಬಳೇ ಕೂತು ಹುಣಸೆಹಣ್ಣು ಜಜ್ಜುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡು ದಾಟಿ ಹೋಗುತ್ತಿದ್ದರೆ ಅವಳೇ ಕರೆದಳು.

"ಬಾವ್ವ, ಮೇಡಮ್ಮು. ಎಲ್ಡಾದ್ಮೇಲೆ ಎಷ್ಟು, ವಸಿ ಏಳ್ಕೊಡು."

"ಮೂರು," ಅಂದೆ, ಕ್ಲಾಸಿನಲ್ಲಿ ಹೇಳೋ ಹಾಗೆ.

"ಅಂಗಾ," ಅಂತ ನಕ್ಕಳು. ಹುರಿದ ಹುಣಸೆ ಬೀಜ ಒಂದು ಹಿಡಿ ನನ್ನ ಕೈಗೆ ಹಾಕಿದಳು. ಪಾಪ, ಇವಳಿಗೆ ನಿಜಕ್ಕೂ ಬರಲ್ಲ ಅಂದುಕೊಂಡು ತಿನ್ನುತ್ತ ಹೋದೆ. ನನ್ನ ಮದುವೆಯಾದ ಮೂರು ವರ್ಷಕ್ಕೆ ಅವಳು ತೀರಿಕೊಂಡಳು. ನಾನು ಹೋಗಲಿಲ್ಲ, ಸ್ಕೂಲಿತ್ತು.

ಮೊನ್ನೆ ಆ ಚೀಲ ಬಿಚ್ಚಿಕೊಂಡು ನೆಲದ ಮೇಲೆ ಕೂತೆ. ಬೀಜ ಎಣಿಸೋ ಪಾಠ ಬಾಕಿ ಇತ್ತು, ಮಗಳನ್ನ ಕರೆಯೋಕೆ ನನ್ನಲ್ಲಿ ಶಕ್ತಿ ಇರಲಿಲ್ಲ. ಅವಳು ಮಂಚದ ಆ ಕಡೆ ಬೆನ್ನು ಹಾಕಿಕೊಂಡು ಖಾಲಿ ಡಬ್ಬಿ ಜೊತೆ ಆಡುತ್ತಿದ್ದಳು. ನನಗೆ ಕಣ್ಣು ಎಳೆಯುತ್ತಿತ್ತು. ತೂಕಡಿಕೆ ಬಿಡಲಿ ಅಂತ ಒಂದೊಂದೇ ಬೀಜ ಬಟ್ಟಲಿಗೆ ಹಾಕುತ್ತ ನನ್ನ ಪಾಡಿಗೆ ಬಾಯಲ್ಲಿ ಎಣಿಸಿಕೊಂಡೆ. ಒಂದು, ಎರಡು, ನಾಲ್ಕು, ಐದು...

"ಅಮ್ಮ, ಮೂರು ಎಲ್ಲೋಯ್ತು?"

ಮಗಳು ಡಬ್ಬಿ ಬಿಟ್ಟು ಎದ್ದು ಬಂದಿದ್ದಳು. ನನ್ನ ಬಾಯಿಂದ ಬಂದದ್ದು "ಅಂಗಾ". ನಾನು ಆಡೋ ಮಾತಲ್ಲ ಅದು. ಈ ಸಲ ಬೇಕಂತಲೇ "ಆರು, ಎಂಟು," ಅಂದೆ. "ಏಳು ಬಿಟ್ಟೆ," ಅಂತ ನನ್ನ ಕೈ ಹಿಡಿದಳು. ಹತ್ತು ದಾಟಿ, ಹದಿನಾರರ ತನಕ ನನ್ನನ್ನ ತಿದ್ದುತ್ತ ಹೋದಳು.

ಆಗ ಆ ಇದ್ದಿಲ ಗೆರೆಗಳು ಕಣ್ಣಿಗೆ ಕಟ್ಟಿದವು. ಇಪ್ಪತ್ತೊಂದನೇ ದಿನ ಬೆಳಿಗ್ಗೆ ದೊಡ್ಡವ್ವ ಕೋಳಿ ಪುಟ್ಟಿ ಹತ್ತಿರ ಹೋಗಿ ಕೂತಿರೋಳು, ಮರಿ ಅವತ್ತೇ ಮೊಟ್ಟೆ ಒಡೆದು ಬರೋದು. ಒಂದು ದಿನವೂ ಅವಳ ಲೆಕ್ಕ ತಪ್ಪಿದ್ದನ್ನ ನಾನು ಕಾಣೆ. ಅದನ್ನ ನೋಡಿಕೊಂಡೇ ಬೆಳೆದು, ಅವಳಿಗೆ ಎಣಿಸೋಕೆ ಬರಲ್ಲ ಅಂದಿದ್ದೆ. ಕೊನೆಯ ಸಲ ಕರೆದಾಗಲೂ ನನ್ನ ಕೈಲಿ ಉತ್ತರ ಹೇಳಿಸಿದ್ದಳು, ನಾನು ಪಾಠ ಹೇಳಿಕೊಟ್ಟೆ ಅಂದುಕೊಂಡಿದ್ದೆ. ನಾಚಿಕೆ ಆಯಿತು. ಅಳುವೂ ಬಂತು.

ಸಂಜೆ ಅಮ್ಮನಿಗೆ ಫೋನ್ ಮಾಡಿ, ದೊಡ್ಡವ್ವನ ಮನೆ ಗೋಡೆ ಮೇಲೆ ಆ ಗೆರೆಗಳು ಇನ್ನೂ ಇವೆಯಾ ಅಂತ ಕೇಳಿದೆ. "ಯಾವ ಕಾಲದ ಮಾತಾಡ್ತೀಯೆ. ಆ ಮನೆ ಕೆಡವಿ ಶೀಟ್ ಆಕವ್ರೆ, ಟ್ರಾಕ್ಟರು ನಿಲ್ಲಿಸ್ತಾರೆ," ಅಂದಳು.

ಜೂನಿನಲ್ಲಿ ಏನಾಗುತ್ತೋ ಗೊತ್ತಿಲ್ಲ. ಆ ಮಿಸ್ಸು ತಪ್ಪು ಎಣಿಸೋದಿಲ್ಲ, ನೇರವಾಗಿ ಕೇಳುತ್ತಾಳೆ. ನೋಟ್‌ಬುಕ್ಕಿನಲ್ಲಿ ಇನ್ನೂ ಮೂರು ವಾರ ಖಾಲಿ ಇದೆ, ತುಂಬೋಕೆ ಕೈ ಏಳುತ್ತಿಲ್ಲ. ನಿನ್ನೆ ಮತ್ತೆ ಹುಣಸೆಹಣ್ಣಿನ ಮುಂದೆ ಕೂತಾಗ ಮಗಳಿಗೆ ಹೇಳಿದೆ, ನಮ್ಮೂರಲ್ಲಿ ಒಬ್ಬಳು ದೊಡ್ಡವ್ವ ಇದ್ದಳು, ಅವಳಿಗೆ ಎಣಿಸೋಕೆ ಚೆನ್ನಾಗಿ ಬರ್ತಿತ್ತು ಅಂತ. ನಲ್ಲಿ ಹತ್ತಿರ ಅಷ್ಟು ಜನರ ಎದುರು ಆಡಿದ ಮಾತನ್ನ ವಾಪಸ್ ತಗೊಳ್ಳೋಕೆ ನನಗೆ ಉಳಿದಿದ್ದವಳು ಇವಳೊಬ್ಬಳೇ. ಕೇಳಿಸಿಕೊಂಡಳೋ ಇಲ್ಲವೋ. ಬೀಜದ ಬಟ್ಟಲನ್ನ ನನ್ನ ಕಡೆ ತಳ್ಳಿ, ನಾನು ತಪ್ಪೋದನ್ನೇ ಕಾಯುತ್ತ ಕೂತಳು.