ಸೋಮವಾರದ ಸೂಜಿ

ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸೀರೆ ನೇಯುವ ಹೆಂಗಸೊಬ್ಬಳಿದ್ದಳು. ಪಿಸಿಓಡಿಯಿಂದಾಗಿ ಮುಟ್ಟು ಆಕೆಗೆ ಐದಾರು ತಿಂಗಳಿಗೊಮ್ಮೆ ಬರುತ್ತಿತ್ತು. ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಲೇ, ಪ್ರತಿ ಸೋಮವಾರ ರೋಣಕ್ಕೆ ಹೋಗಿ ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಂಡು ಬಂದು, ಸಂಜೆಗೆ ಮತ್ತೆ ಮಗ್ಗಕ್ಕೆ ಕೂರುತ್ತಿದ್ದಳು. ಯಾರಾದರೂ ನಕ್ಕರೆ, “ಎಳಿ ಹರದ್ರ ಗಂಟ ಹಾಕಬೇಕ್ರಿ, ಮಗ್ಗ ಬಿಟ್ಟ ಏಳಬಾರದು” ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಸಕ್ಕರೆ ಬಟ್ಟಲು ಹಿಡಿದು ನಮ್ಮ ಮನೆಯೊಳಗೆ ಬಂದು ನಮ್ಮವ್ವನ ಅಂಗೈಗೆ ಒಂದು ಚಮಚ ಸಕ್ಕರೆ ಹಾಕಿದಳು. ಅವ್ವ ಹಿಗ್ಗಿ, “ಎಷ್ಟ ತಿಂಗಳಾತವಾ?” ಅಂದಳು.

“ಬಸರಲ್ಲರಿ ಯಕ್ಕಾ, ಮುಟ್ಟಾಗೇನ್ರಿ. ಸೂಜಿನೋ ಗುಳಗಿನೋ ಗೊತ್ತಿಲ್ಲ, ಮೂರ ತಿಂಗಳಿಂದ ತಪ್ಪಿಲ್ಲ.”

ಮುಟ್ಟಾದವರು ನಮ್ಮ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ; ಅವರು ಮುಟ್ಟಿದ್ದನ್ನು ಅವ್ವ ತಿನ್ನುತ್ತಲೂ ಇರಲಿಲ್ಲ. ಅವ್ವನ ಕೈ ಬಾಯಿಯ ಹತ್ತಿರವೇ ನಿಂತಿತು.

ಆಕೆ ಕದಲಲಿಲ್ಲ. “ತಿನ್ರಿ,” ಅಂದಳು.

ಅವ್ವ ತಿಂದಳು.